ಗುಂಡಿ ಸುಲಭ, ಮುದ್ರೆ ಮುಖ್ಯ

ಮನೆಗೊಂದು ಬೀಗ, ಬೀಗಕ್ಕೊಂದು ಕೀಲಿಕೈ ಎಂಬುದು ಲೋಕರೂಢಿ. ಅಂತರ್ಜಾಲದಲ್ಲಿಯೂ ಬಹುಕಾಲ ಇದೇ ನಡೆದುಬಂದಿತು: ತಾಣಕ್ಕೊಂದು ಹೆಸರು, ಹೆಸರಿಗೊಂದು ಪಾಸ್‌ವರ್ಡು. ಕೀಲಿಗಳು ಹೆಚ್ಚಿದಂತೆ ಮರೆವೂ ಹೆಚ್ಚಿತು. ಈ ತೊಡಕನ್ನು ನೀಗುವ ಉಪಾಯಗಳಲ್ಲಿ ಒಂದು, ಸಂದೇಶಗಳನ್ನು ಸಾಗಿಸುವ ಟೆಲಿಗ್ರಾಂ ಆ್ಯಪ್ 2018ರಲ್ಲಿ ಹೊರತಂದ ಪ್ರವೇಶದ ಗುಂಡಿ.

ಈ ವಿಧಾನದಲ್ಲಿ ತಾಣವನ್ನು ಕಟ್ಟುವವರು ಮೊದಲು ಟೆಲಿಗ್ರಾಂನ ಬಾಟ್‌ಫಾದರ್ ಎಂಬ ಯಂತ್ರಸೇವಕನಿಂದ ತಮ್ಮದೊಂದು ಬಾಟನ್ನೂ ಅದರ ಟೋಕನ್ ಎಂಬ ರಹಸ್ಯಪದವನ್ನೂ ಪಡೆಯಬೇಕು. ತಾಣದ ವಿಳಾಸವನ್ನು ಅಲ್ಲಿ ನಮೂದಿಸಬೇಕು. ಬಳಿಕ ಕೆಲವೇ ಸಾಲುಗಳ ಸ್ಕ್ರಿಪ್ಟನ್ನು ಪುಟಕ್ಕೆ ಸೇರಿಸಿದರೆ ಗುಂಡಿ ಮೂಡುತ್ತದೆ. ಬಂದವರು ಅದನ್ನೊತ್ತಿ, ಟೆಲಿಗ್ರಾಂನಲ್ಲಿ ಒಪ್ಪಿಗೆಯಿತ್ತರೆ ಸಾಕು. ಅವರ ಗುರುತಿನ ಸಂಖ್ಯೆ, ಹೆಸರು, ಒಪ್ಪಿಗೆಯ ವೇಳೆ ಮೊದಲಾದವು ತಾಣವನ್ನು ತಲುಪುತ್ತವೆ. ಫೋನ್ ನಂಬರು ಮಾತ್ರ ಅವುಗಳೊಡನೆ ಹೋಗದು.

ಇಷ್ಟಕ್ಕೇ ಕೆಲಸ ಮುಗಿಯಿತೆಂದು ಭಾವಿಸುವವರುಂಟು. ಅಪಾಯವಿರುವುದು ಇಲ್ಲಿಯೇ. ಈ ಪರಿಚಯಪತ್ರವನ್ನು ತಾಣಕ್ಕೆ ಹೊತ್ತು ತರುವುದು ಬಂದವರದೇ ಬ್ರೌಸರು. ದಾರಿಯಲ್ಲಿ ಸಂಖ್ಯೆಯೊಂದನ್ನು ತಿದ್ದಿ ರಾಮನ ಹೆಸರಿನಲ್ಲಿ ಭೀಮನು ಒಳಹೊಗಬಹುದು. ಅದು ಅಂಗಡಿಯ ತಾಣವಾದರೆ ಮನೆಯ ವಿಳಾಸ, ಪಾಠದ ತಾಣವಾದರೆ ಮಕ್ಕಳ ವಿವರ ಪರರ ಪಾಲಾಗುತ್ತದೆ.

ಇದನ್ನು ತಡೆಯಲೆಂದೇ ಪತ್ರದೊಡನೆ ಹ್ಯಾಶ್ ಎಂಬ 64 ಅಕ್ಷರಗಳ ಮುದ್ರೆ ಬರುತ್ತದೆ. ತಾಣದ ಸರ್ವರು ಉಳಿದ ವಿವರಗಳನ್ನು ಅಕ್ಷರಾನುಕ್ರಮದಲ್ಲಿ, ಸಾಲಿಗೊಂದರಂತೆ ಜೋಡಿಸಬೇಕು. ಟೋಕನ್ನಿನಿಂದ ಎಸ್‌ಎಚ್‌ಎ-256 ಎಂಬ ಗಣಿತಕ್ರಮದಲ್ಲಿ ಕೀಲಿಯೊಂದನ್ನು ಪಡೆದು, ಎಚ್‌ಮ್ಯಾಕ್ ವಿಧಾನದಿಂದ ತಾನೇ ಮುದ್ರೆಯನ್ನು ಲೆಕ್ಕಹಾಕಬೇಕು. ಎರಡು ಮುದ್ರೆಗಳೂ ಅಕ್ಷರಶಃ ಹೊಂದಿದರೆ ಪತ್ರ ಸಾಚಾ, ಇಲ್ಲವಾದರೆ ಖೋಟಾ. ಎಂದೋ ಬಂದ ಸಾಚಾ ಪತ್ರವನ್ನೇ ಮತ್ತೊಬ್ಬರು ಕದ್ದು ತಂದಿರಲೂಬಹುದು. ಆದುದರಿಂದ ಅದರಲ್ಲಿನ ವೇಳೆಯನ್ನೂ ನೋಡತಕ್ಕದ್ದು.

ಟೋಕನ್ ಸರ್ವರಿನಲ್ಲಿಯೇ ಗುಟ್ಟಾಗಿರಬೇಕು. ಮುದ್ರಾರಾಕ್ಷಸ ನಾಟಕದಲ್ಲಿ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಸೇರಿತು. ಕೃತಕ ಪತ್ರವೂ ನಿಜವೆನಿಸಿತು. ಎಲ್ಲರೂ ಓದಬಲ್ಲ ಪುಟದಲ್ಲಿ ಟೋಕನ್ನನ್ನು ಬರೆದಿಟ್ಟರೆ ಆಗುವುದೂ ಅದೇ.

ಗುಂಡಿಯನ್ನೊತ್ತುವ ಗೃಹಸ್ಥರಿಗೂ ಎಚ್ಚರಿಕೆ ಬೇಕು. ಒಂದೇ ಕೀಲಿ ಹತ್ತು ಬಾಗಿಲು ತೆರೆಯುವಾಗ, ಆ ಒಂದು ಕಳೆದರೆ ಹತ್ತೂ ಬಾಗಿಲು ತೆರೆದಂತೆ. ಆದುದರಿಂದ ಟೆಲಿಗ್ರಾಂ ಖಾತೆಗೆ ಎರಡನೆಯ ಹಂತದ ಪಾಸ್‌ವರ್ಡಿನ ಕಾವಲಿಡುವುದು ಲೇಸು. ಒಪ್ಪಿಗೆ ಕೇಳುವ ಸಂದೇಶದಲ್ಲಿ ತಾಣದ ಹೆಸರಿರುತ್ತದೆ. ಅದನ್ನು ಓದಿಯೇ ಒಪ್ಪತಕ್ಕದ್ದು. ತಾವು ಗುಂಡಿಯನ್ನೇ ಒತ್ತದಿರುವಾಗ ಅಂಥ ಸಂದೇಶ ಬಂದರೆ, ನಿರಾಕರಿಸುವುದೇ ಕ್ಷೇಮ.