ಅಜ್ಜಿಯ ದನಿ ಅಳಿಸದ ಪುಸ್ತಕಗಳು

ಗ್ರಿಮ್ ಸಹೋದರರ ಕಥಾಸಂಗ್ರಹದ ಮೊದಲ ಸಂಪುಟ ಬರ್ಲಿನ್ನಿನಲ್ಲಿ ಅಚ್ಚಾದದ್ದು 1812ರಲ್ಲಿ. ಆಂಡ್ರ್ಯೂ ಲ್ಯಾಂಗ್ ಸಂಪಾದಕತ್ವದ ಹನ್ನೆರಡು ಪುಸ್ತಕಗಳು, ಒಂದೊಂದಕ್ಕೂ ಒಂದೊಂದು ಬಣ್ಣದ ಹೆಸರು ಹೊತ್ತು, 1889ರಿಂದ 1910ರವರೆಗೆ ಬಂದವು. ಇಂದಿಗೂ ಅವು ಮರುಮುದ್ರಣವಾಗುತ್ತಿವೆ. ದೊಡ್ಡವರು ತಮ್ಮ ಬಾಲ್ಯದ ಹಂಬಲಕ್ಕೆ ಕೊಳ್ಳುತ್ತಾರೆ, ಅಷ್ಟೇ ಎನ್ನುವವರಿದ್ದಾರೆ. ಆದರೆ ಅಪ್ಪನ ಹಂಬಲಕ್ಕಾಗಿ ಯಾವ ಮಗುವೂ ಅದೇ ಕಥೆಯನ್ನು ಮತ್ತೆ ಓದು ಎಂದು ಹಟ ಹಿಡಿಯುವುದಿಲ್ಲ. ಈ ಪುಸ್ತಕಗಳು ಉಳಿದದ್ದು, ಕಥೆ ಹೇಳಿದವರ ದನಿ ಅವುಗಳಲ್ಲಿ ಉಳಿದಿರುವುದರಿಂದ.

ನಮಗೆ ಹತ್ತಿರದ ಉದಾಹರಣೆಯೊಂದಿದೆ. ಮುಂಬೈ ಪ್ರಾಂತ್ಯದ ಗವರ್ನರ್ ಬಾರ್ಟಲ್ ಫ್ರೀಯರ್ 1865ರ ಚಳಿಗಾಲದಲ್ಲಿ ದಕ್ಷಿಣ ಮರಾಠಾ ಸೀಮೆಯ ಪ್ರವಾಸ ಹೊರಟರು. ಜೊತೆಗಿದ್ದ ಮಗಳು ಮೇರಿ, ಹೊತ್ತು ಕಳೆಯಲೆಂದು ತನ್ನ ಆಯಾ ಅನ್ನಾ ಲಿಬರೇಟಾ ಡಿಸೋಜಾ ಅವರಿಂದ ಕಥೆ ಹೇಳಿಸಿ ಬರೆದುಕೊಂಡಳು. ಅವು 1868ರಲ್ಲಿ ಲಂಡನ್ನಿನಲ್ಲಿ ‘ಓಲ್ಡ್ ಡೆಕ್ಕನ್ ಡೇಸ್’ ಎಂಬ ಪುಸ್ತಕವಾದವು. ಮೊದಲ ಕಥೆಯ ಮಾಂತ್ರಿಕನ ಜೀವ ದೂರದ ಕಾಡಿನ ಗಿಳಿಯೊಂದರಲ್ಲಿದೆ. ಹುಡುಗ ಗಿಳಿಯ ರೆಕ್ಕೆ ಕಿತ್ತರೆ ಮಾಂತ್ರಿಕನ ತೋಳು ಕಳಚಿ ಬೀಳುತ್ತದೆ. ನಮ್ಮ ಅಡುಗೂಲಜ್ಜಿ ಕಥೆಗಳ ಲೋಕವೇ ಇದು. ಅನ್ನಾ ತಮ್ಮ ಅಜ್ಜನ ಮನೆತನ ಮೂಲದಲ್ಲಿ ಲಿಂಗಾಯತರದು, ಗೋವೆಯ ಕಡೆ ನೆಲೆಸಿದ ಮೇಲೆ ಕ್ರೈಸ್ತರಾದದ್ದು ಎಂದು ಹೇಳಿಕೊಂಡಿದ್ದಾರೆ. ಅದು ನಮಗೆ ತಿಳಿದದ್ದಾದರೂ ಹೇಗೆ? ಮೇರಿ ಪುಸ್ತಕದ ಆರಂಭದಲ್ಲಿ ಅನ್ನಾ ಅವರ ಬಾಳಿನ ಕಥೆಯನ್ನೂ ಅವರ ಮಾತಿನಲ್ಲೇ ಅಚ್ಚು ಹಾಕಿಸಿದಳು. ಗಂಡನನ್ನು ಕಳೆದುಕೊಂಡು ದುಡಿದು ಮಕ್ಕಳನ್ನು ಸಾಕಿದ ಹೆಂಗಸು, ತನಗೆ ಕಥೆ ಹೇಳುತ್ತಿದ್ದ ಅಜ್ಜಿಯನ್ನು ಅಲ್ಲಿ ನೆನೆಯುತ್ತಾರೆ. ಆಳುವವರ ಮಗಳು ಆಯಾಳಿಗೆ ಕೊಟ್ಟ ಆ ಪುಟಗಳು ನನಗೆ ಕಥೆಗಳಷ್ಟೇ ಅಮೂಲ್ಯ.

ಗ್ರಿಮ್ ಸಹೋದರರೂ 1819ರ ಎರಡನೇ ಆವೃತ್ತಿಯಲ್ಲಿ ತಮಗೆ ಹಲವು ಕಥೆ ಹೇಳಿದ ದೊರೊತಿಯಾ ವೀಮನ್ನರ ಚಿತ್ರವನ್ನು ಸೇರಿಸಿದರು. ಆಕೆ ಕಾಸೆಲ್ ಪಟ್ಟಣದ ಪಕ್ಕದ ಹಳ್ಳಿಯವರು, ದರ್ಜಿಯೊಬ್ಬನ ಹೆಂಡತಿ. ಹಾಗೆಂದು ಗ್ರಿಮ್ ಪಠ್ಯ ಕೈಮಾಡದೆ ಉಳಿಯಿತು ಎನ್ನುವಂತಿಲ್ಲ. ಹಿಮಬಿಳುಪಿಯನ್ನು ಕೊಲ್ಲಿಸಹೊರಟವಳು ಮೊದಲ ಆವೃತ್ತಿಯಲ್ಲಿ ಹೆತ್ತ ತಾಯಿ. ಮುಂದೆ ಅವಳನ್ನು ಮಲತಾಯಿ ಮಾಡಲಾಯಿತು. ಆದರೂ ಹಸಿವು ಹಸಿವಾಗಿಯೇ, ಕಾಡು ಕಾಡಾಗಿಯೇ ಉಳಿಯಿತು. ಹೆನ್ಸೆಲ್, ಗ್ರೆಟೆಲ್ ಮನೆಯಲ್ಲಿ ರೊಟ್ಟಿ ಇಲ್ಲವೆಂದೇ ಕಾಡುಪಾಲಾಗುತ್ತಾರೆ, ಮಾಟಗಾತಿ ಒಲೆಯಲ್ಲಿ ಬೆಂದೇ ಸಾಯುತ್ತಾಳೆ.

ಈಗ ಮಕ್ಕಳಿಗೆಂದು ಬರುವ ಎಷ್ಟೋ ಸಂಕ್ಷಿಪ್ತ ಪುಸ್ತಕಗಳಲ್ಲಿ ಮೊದಲು ಕತ್ತರಿ ಬೀಳುವುದು ಈ ಭಯಕ್ಕೆ, ಆಮೇಲೆ ಪುನರುಕ್ತಿಗೆ. ಮೂವರು ಅಣ್ಣತಮ್ಮಂದಿರು ಒಬ್ಬರಾದ ಮೇಲೊಬ್ಬರು ಅದೇ ದಾರಿಯಲ್ಲಿ ಹೋಗಿ, ಅದೇ ಮುದುಕಿಯನ್ನು ಕಂಡು, ಅದೇ ಮಾತು ಆಡುವುದು ಸಂಪಾದಕನಿಗೆ ಪುಟ ದಂಡ ಎನಿಸುತ್ತದೆ. ಮಗುವಿಗೆ ಹಾಗಲ್ಲ. ಎರಡನೇ ಸಲಕ್ಕೆ ಅದಕ್ಕೆ ಮುಂದಿನ ಮಾತು ಗೊತ್ತು. ಮೂರನೆಯವನು ಬರುವಾಗ ಅದು ತಾನೇ ಬಾಯಿ ಹಾಕಿ ಹೇಳುತ್ತದೆ. ಕೇಳುಗ ಕಥೆಗಾರನಾಗುವುದು ಆ ಗಳಿಗೆಯಲ್ಲಿ. ಭಯವೂ ಅಷ್ಟೆ. ಪಕ್ಕದಲ್ಲಿ ಓದಿ ಹೇಳುವವರಿದ್ದಾಗ, ಕೊನೆ ಸುಖಾಂತವೆಂದು ಗೊತ್ತಿದ್ದಾಗ, ಹೆದರುವುದೇ ಒಂದು ಸಂತೋಷ. ಲ್ಯಾಂಗ್ ಪುಸ್ತಕಗಳಿಗೆ ಹೆನ್ರಿ ಫೋರ್ಡ್ ಬರೆದ ಕಪ್ಪುಬಿಳುಪು ಚಿತ್ರಗಳಲ್ಲಿ ರಾಕ್ಷಸರು ನಿಜಕ್ಕೂ ರಾಕ್ಷಸರೇ.

ಹಳೆಯ ಕಥೆಗಳಲ್ಲಿ ರಾಜಕುಮಾರನಿಗಾಗಿ ಕಾಯುವುದೇ ಹೆಣ್ಣಿನ ಬದುಕು, ಚೆಲುವೆಂದರೆ ಬಿಳುಪು ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೆ ಉತ್ತರವಾಗಿ ಕಥೆಯನ್ನು ತಿದ್ದುವುದಕ್ಕಿಂತ ಇನ್ನಷ್ಟು ಕಥೆ ಕೊಡುವುದು ಮೇಲು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಗಳಲ್ಲಿ ಹೆಂಗಸರು ಹೆಂಗಸರಿಗೆ ಹೇಳಿದವೇ ಎಷ್ಟೋ ಇವೆ. ಹೂಗಿಡವಾಗುವ ಹುಡುಗಿಯ ಕಥೆಯನ್ನು ಒಮ್ಮೆ ಕೇಳಿದ ಮಗಳಿಗೆ ತನ್ನ ಮೈ, ತನ್ನ ಮನಸ್ಸು ತನ್ನದೆಂಬುದನ್ನು ಬೇರೆ ಪಾಠ ಮಾಡಿ ಹೇಳಬೇಕಿಲ್ಲ. ಆ ಸಂಗ್ರಹ 1997ರಲ್ಲಿ, ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಕನ್ನಡದ ಪ್ರಕಾಶಕರು ಇಂಥ ಕಥೆಗಳನ್ನು ಕತ್ತರಿಸದೆ, ಒಳ್ಳೆಯ ಚಿತ್ರಗಳೊಡನೆ, ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರು, ಊರುಗಳ ಸಮೇತ ಮಕ್ಕಳ ಕೈಗೆ ಕೊಡಬೇಕು. ಊರೂರಿನ ಗ್ರಂಥಾಲಯಗಳು ಅವನ್ನು ಕೊಳ್ಳಬೇಕು. ತಂದೆತಾಯಂದಿರು ರಾತ್ರಿ ಒಂದು ಕಥೆಯನ್ನಾದರೂ ಗಟ್ಟಿಯಾಗಿ, ಪೂರ್ತಿಯಾಗಿ ಓದಿ ಹೇಳಲಿ.