ಎತ್ತರದ ಗುಟ್ಟು ಹೇಳುವ ರಕ್ತದ ಹನಿ

ಅನೇಕ ಮನೆಗಳಲ್ಲಿ ಬಾಗಿಲ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನ ಗೀಟುಗಳಿರುತ್ತವೆ. ಮೊಮ್ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಸ್ಕೇಲು ಇಟ್ಟು ಅಜ್ಜ ಗೀಟು ಎಳೆಯುತ್ತಾರೆ. ಮಕ್ಕಳೇ, ಆಗ ನೀವು ಮೆಲ್ಲಗೆ ಹಿಮ್ಮಡಿ ಎತ್ತುವುದು ಅಜ್ಜನಿಗೆ ಗೊತ್ತು. ಚಿಕ್ಕವರಿದ್ದಾಗ ಅವರೂ ಹಾಗೆ ಮಾಡಿದವರೇ!

ಹಿಮ್ಮಡಿ ಎತ್ತದಿದ್ದರೂ ಈ ಅಳತೆ ಪೂರ್ತಿ ನಂಬುವಂಥದ್ದಲ್ಲ. ಬೆಳಿಗ್ಗೆ ಎದ್ದಾಗ ಇದ್ದ ಎತ್ತರ ಸಂಜೆಯ ಹೊತ್ತಿಗೆ ಸುಮಾರು 1 ಸೆಂಟಿಮೀಟರ್ ಇಳಿದಿರುತ್ತದೆ. ದಿನವಿಡೀ ನಿಂತು, ಓಡಾಡಿ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗಳು ಒತ್ತಿಕೊಳ್ಳುವುದೇ ಇದಕ್ಕೆ ಕಾರಣ. ಶಾಲೆಗೆ ಹೋಗುವ ಮಗು ವರ್ಷವಿಡೀ ಬೆಳೆಯುವುದೇ 5-6 ಸೆಂಟಿಮೀಟರ್. ಹಾಗಾಗಿ ಮಗು ಸರಿಯಾಗಿ ಬೆಳೆಯುತ್ತಿದೆಯೇ ಎಂದು ತಿಳಿಯಲು ವೈದ್ಯರು ಆರು ತಿಂಗಳೋ ಒಂದು ವರ್ಷವೋ ಕಾಯಬೇಕು. ಆರೋಗ್ಯವಾಗಿರುವ ಮಗುವಿಗೆ ಅದೇನೂ ಕಷ್ಟವಲ್ಲ. ಆದರೆ ಬೆಳವಣಿಗೆಯ ತೊಂದರೆಗೆ ಔಷಧಿ ತೆಗೆದುಕೊಳ್ಳುತ್ತಿರುವ ಮಗುವಿಗೆ ಒಂದು ವರ್ಷ ಬಹಳ ದೊಡ್ಡದು. ಔಷಧಿ ಕೆಲಸ ಮಾಡುತ್ತಿಲ್ಲವೆಂದು ವರ್ಷ ಕಳೆದ ಮೇಲೆ ತಿಳಿದರೆ, ಆ ವರ್ಷ ಹೋಯಿತೆಂದೇ ಅರ್ಥ.

ಈ ಕಾಯುವಿಕೆಯನ್ನು ತಪ್ಪಿಸಬಲ್ಲ ಒಂದು ಪ್ರೋಟೀನಿನ ಕಥೆ ಈ ವಾರ.

ಅದರ ಮನೆತನದ ಹೆಸರು ಕೊಲಾಜೆನ್. ಗ್ರೀಕ್ ಭಾಷೆಯ 'ಅಂಟು' ಎಂಬ ಪದದಿಂದ ಬಂದ ಹೆಸರು. ಹಿಂದೆ ಪ್ರಾಣಿಗಳ ಚರ್ಮ, ಮೂಳೆಗಳನ್ನು ಕುದಿಸಿ ಬಡಗಿಗಳಿಗೆ ಬೇಕಾದ ಅಂಟು ತಯಾರಿಸುತ್ತಿದ್ದರು, ಅದು ಕೊಲಾಜೆನ್ನೇ. ನಮ್ಮ ಚರ್ಮ, ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ದಾರಗಳು ಎಲ್ಲದರಲ್ಲೂ ಇದು ಇದೆ. ಅಜ್ಜಿ ಮೊಮ್ಮಗಳಿಗೆ ಹೆಣೆಯುವ ಮೂರೆಳೆಯ ಜಡೆಯ ಹಾಗೆ, ಕೊಲಾಜೆನ್ನಿನಲ್ಲೂ ಮೂರು ಎಳೆಗಳು ಸುತ್ತಿಕೊಂಡಿರುತ್ತವೆ. ಇದನ್ನು 1954ರಲ್ಲಿ ಜಗತ್ತಿಗೆ ತೋರಿಸಿದವರು ಮದ್ರಾಸ್ ವಿಶ್ವವಿದ್ಯಾನಿಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮುಂದೆ ಅದೇ ಸಂಸ್ಥೆಗೆ ಮರಳಿ ಬಂದು ಒಂದು ಹೊಸ ವಿಭಾಗವನ್ನೇ ಕಟ್ಟಿದರು. ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನೂ ಹೆಚ್ಚು ಕಾಣಬೇಕಿತ್ತು ಎಂಬುದು ನನ್ನ ಅನಿಸಿಕೆ.

ಕೊಲಾಜೆನ್ ಮನೆತನದಲ್ಲಿ 28 ಮಂದಿ ಇದ್ದಾರೆ. ನಮ್ಮ ಕಥಾನಾಯಕ ಹತ್ತನೆಯವನು. ಉಳಿದವರ ಹಾಗೆ ಇವನು ಎಲ್ಲ ಕಡೆ ಸಿಗುವುದಿಲ್ಲ. ಮಕ್ಕಳ ಕೈಕಾಲಿನ ಉದ್ದ ಮೂಳೆಗಳ ತುದಿಯ ಹತ್ತಿರ 'ಬೆಳವಣಿಗೆಯ ತಟ್ಟೆ' ಎಂಬ ತೆಳುವಾದ ಪದರವಿದೆ. ಇವನ ಮುಖ್ಯ ಠಿಕಾಣಿ ಅದೇ.

ಅಲ್ಲಿ ನಡೆಯುವ ಕೆಲಸ ಮನೆಗೆ ತಾರಸಿ ಹಾಕುವ ಹಾಗೆ. ಮೊದಲು ಸೆಂಟ್ರಿಂಗ್ ಹಲಗೆ ಜೋಡಿಸುತ್ತಾರೆ, ಕಾಂಕ್ರೀಟ್ ಸುರಿಯುತ್ತಾರೆ, ಅದು ಗಟ್ಟಿಯಾದ ಮೇಲೆ ಹಲಗೆ ಬಿಚ್ಚುತ್ತಾರೆ, ಅಲ್ಲವೇ? ಮೂಳೆಯೂ ಮೊದಲು ಮೃದುವಾಗಿಯೇ ಬೆಳೆಯುತ್ತದೆ. ಕಿವಿಯ ಅಂಚನ್ನು ಮಡಚಿ ನೋಡಿ, ಹೆಚ್ಚುಕಡಿಮೆ ಅಂಥದ್ದೇ ಮೆಲುಬು ಅದು. ಅಲ್ಲಿನ ಜೀವಕೋಶಗಳು ಉಬ್ಬಿ ದೊಡ್ಡದಾಗಿ, ಹತ್ತನೆಯ ಕೊಲಾಜೆನ್ ಅನ್ನು ಸುತ್ತ ಹರಡುತ್ತವೆ. ನಂತರ ಆ ಮೆಲುಬು ಕರಗಿ, ಅದರ ಜಾಗದಲ್ಲಿ ಗಟ್ಟಿ ಮೂಳೆ ಬರುತ್ತದೆ. ಆಗ ಹತ್ತನೆಯ ಕೊಲಾಜೆನ್ ತುಂಡಾಗಿ, ಅದರ ಚೂರುಗಳು ರಕ್ತಕ್ಕೆ ಸೇರುತ್ತವೆ. ಹೊರಬಿದ್ದ ಹಲಗೆಗಳನ್ನು ಎಣಿಸಿದರೆ ಕಟ್ಟಡ ಎಷ್ಟು ಬೇಗ ಏಳುತ್ತಿದೆ ಎಂದು ಗೊತ್ತಾಗುವುದಿಲ್ಲವೇ?

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಶ್ರೈನರ್ಸ್ ಮಕ್ಕಳ ಆಸ್ಪತ್ರೆಯ ವಿಲಿಯಂ ಹಾರ್ಟನ್ ಮತ್ತು ಸಂಗಡಿಗರು ಎಣಿಸಿದ್ದು ಇದನ್ನೇ. 2017ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕಾಗದದ ಮೇಲೆ ಒಣಗಿಸಿದ ರಕ್ತದ ಹನಿಯಲ್ಲೂ ಈ ಚೂರು ಪತ್ತೆಯಾಗುತ್ತದೆ. ಹಸುಳೆಗಳಲ್ಲಿ ಬಹಳ ಹೆಚ್ಚು, ಆಮೇಲೆ ಇಳಿತ, ಹದಿಹರೆಯದಲ್ಲಿ ಮತ್ತೆ ಏರಿಕೆ, ಬೆಳವಣಿಗೆ ನಿಂತ ಮೇಲೆ ತೀರಾ ಕಡಿಮೆ. ಗೋಡೆಯ ಗೀಟು ಹೇಳುವುದು ಕಳೆದ ವರ್ಷದ ಸುದ್ದಿ. ಈ ಹನಿ ಹೇಳುವುದು ಈಗಿನದು.

ಇದರ ಉಪಯೋಗ ಔಷಧ ಪರೀಕ್ಷೆಗಳಲ್ಲಿ ಆಗಲೇ ಕಂಡಿದೆ. ಕೈಕಾಲು ಗಿಡ್ಡವಾಗಿ ಬೆಳೆಯುವ ಅಕಾಂಡ್ರೊಪ್ಲಾಸಿಯಾ ಎಂಬ ಹುಟ್ಟು ತೊಂದರೆಗೆ ವೊಸೊರಿಟೈಡ್ ಎಂಬ ಚುಚ್ಚುಮದ್ದು ಬಂದಿದೆ. 2021ರಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ಪರೀಕ್ಷೆಯ ಹಂತದಲ್ಲಿ ಮದ್ದು ಪಡೆದ ಮಕ್ಕಳ ರಕ್ತದಲ್ಲಿ ಹತ್ತನೆಯ ಕೊಲಾಜೆನ್ನಿನ ಚೂರುಗಳು ಏರಿದ್ದವು.

ಈ ಪ್ರೋಟೀನೇ ಕೆಟ್ಟರೆ? ಅದೂ ಉಂಟು. ಇದರ ಜೀನಿನಲ್ಲಿ ದೋಷವಿದ್ದರೆ ಮೂರೆಳೆಯ ಜಡೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಕೆಟ್ಟ ಎಳೆಗಳು ಜೀವಕೋಶದೊಳಗೇ ರಾಶಿ ಬಿದ್ದು, ಕೋಶ ಏದುಸಿರು ಬಿಡುತ್ತದೆ. ಮಗು ನಡೆಯಲು ಕಲಿತ ಮೇಲೆ ಕಾಲು ಬಿಲ್ಲಿನಂತೆ ಬಾಗುತ್ತದೆ, ಎತ್ತರ ಕುಂಠಿತವಾಗುತ್ತದೆ, ನಡಿಗೆ ಬಾತುಕೋಳಿಯಂತಾಗುತ್ತದೆ. ಶ್ಮಿಡ್ ಹೆಸರಿನ ಈ ಅಪರೂಪದ ಕಾಯಿಲೆಯ ಮೂಲ ಇಲ್ಲಿದೆ ಎಂದು ತಿಳಿದದ್ದು 1993ರಲ್ಲಿ. ಬ್ರಿಟನ್ನಿನ ನ್ಯೂಕ್ಯಾಸಲ್‌ನ ಮೈಕೆಲ್ ಬ್ರಿಗ್ಸ್ ತಂಡ ಇದಕ್ಕೆ ಹೊಸ ಮದ್ದು ಹುಡುಕುವ ಬದಲು ಹಳೆಯದನ್ನೇ ಕೈಗೆತ್ತಿಕೊಂಡಿತು. ಅದು ಕಾರ್ಬಮಜೆಪೈನ್, ಮೂರ್ಛೆರೋಗದ ಹಳೆಯ ಗುಳಿಗೆ. ಕೋಶದೊಳಗಿನ ಕಸ ತೆಗೆಯುವ ಕೆಲಸವನ್ನು ಅದು ಚುರುಕುಗೊಳಿಸುತ್ತದೆ. ಇಲಿಗಳಲ್ಲಿ ಕಾಯಿಲೆಯ ಕಾಟ ಕಡಿಮೆಯಾಯಿತು. ಆಮೇಲೆ ಯೂರೋಪಿನಲ್ಲಿ ಮಕ್ಕಳ ಮೇಲಿನ ಪರೀಕ್ಷೆಯನ್ನೂ ಕೈಗೊಂಡರು. ಅಂಗಡಿಯ ಕಪಾಟಿನಲ್ಲೇ ಇದ್ದ ಗುಳಿಗೆಗೆ ಹೊಸ ಕೆಲಸ ಹುಡುಕುವ ಈ ಜಾಣತನ ನನಗೆ ಬಹಳ ಹಿಡಿಸುತ್ತದೆ.

ಅಜ್ಜ ಅಜ್ಜಿಯರಿಗೂ ಇವನು ಪೂರ್ತಿ ಅಪರಿಚಿತನಲ್ಲ. ಜಾರಿ ಬಿದ್ದು ಮೂಳೆ ಮುರಿದರೆ, ಅದು ಕೂಡುವಾಗ ಮತ್ತೆ ಮೆಲುಬಿನ ಸೆಂಟ್ರಿಂಗ್ ಏಳುತ್ತದೆ. ವಯಸ್ಸಾದವರ ರಕ್ತದಲ್ಲೂ ಆಗ ಈ ಚೂರುಗಳು ಏರುತ್ತವೆ. ಮಂಡಿ ಸವೆತದಲ್ಲಿ ಮಾತ್ರ ಇವನು ಕರೆಯದೆ ಬರುವ ಅತಿಥಿ. ನುಣುಪಾಗಿ ಉಳಿಯಬೇಕಾದ ಮಂಡಿಯ ಮೆಲುಬಿನ ಕೋಶಗಳು ದಾರಿ ತಪ್ಪಿ, ಬೆಳೆಯುವ ಮಕ್ಕಳ ಕೋಶಗಳಂತೆ ಹತ್ತನೆಯ ಕೊಲಾಜೆನ್ ತಯಾರಿಸತೊಡಗುತ್ತವೆ. ಸವೆತವನ್ನು ಬೇಗ ಗುರುತಿಸಲು ಇದು ನೆರವಾಗುವುದೇ ಎಂದು ಸಂಶೋಧಕರು ನೋಡುತ್ತಿದ್ದಾರೆ.

ಅಂದ ಹಾಗೆ, ಟಿವಿಯಲ್ಲಿ ಬರುವ ಕೊಲಾಜೆನ್ ಪುಡಿಯ ಡಬ್ಬಿಗೂ ಈ ಕಥೆಗೂ ಸಂಬಂಧವಿಲ್ಲ. ತಿಂದ ಕೊಲಾಜೆನ್ ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನ ಹಾಗೆಯೇ ಚೂರುಚೂರಾಗುತ್ತದೆ. ಇಡಿಯಾಗಿ ಮಂಡಿಗೆ ಹೋಗಿ ಕೂರುವುದಿಲ್ಲ. ದೇಹ ತನ್ನ ಕೊಲಾಜೆನ್ ಅನ್ನು ತಾನೇ ಹೆಣೆಯಬೇಕು, ಆ ಹೆಣಿಗೆಗೆ ವಿಟಮಿನ್ ಸಿ ಬೇಕೇ ಬೇಕು. ಅದು ನೆಲ್ಲಿಕಾಯಿ, ಸೀಬೆಹಣ್ಣಿನಲ್ಲಿ ಧಾರಾಳವಾಗಿದೆ.