ಪದಚಿಂತನ: ಉಘೇ

ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ, ಭದ್ರೆಯ ದಡದ ಶ್ರೀ ರಂಭಾಪುರಿ ಪೀಠದಲ್ಲಿ, ಫಾಲ್ಗುಣ ಮಾಸದ ಶ್ರೀ ರೇಣುಕಾಚಾರ್ಯ ಜಯಂತಿ ಹಾಗೂ ರಥೋತ್ಸವಗಳು ವೈಭವದಿಂದ ಜರುಗುವುದನ್ನು ವಾಚಕರು ಬಲ್ಲರು. ಕೊಪ್ಪ, ಶೃಂಗೇರಿಗಳ ಕಡೆಯಿಂದಲೂ ಸದ್ಭಕ್ತರು ಬಂದು ಸೇರುವ ಇಂತಹ ಸಮಾರಂಭಗಳಲ್ಲಿ ಘೋಷಗಳಿಗೆ ಕೊರತೆಯಿಲ್ಲ. ಜಯವೆನ್ನುತ್ತೇವೆ, ಬಹುಪರಾಕ್ ಎನ್ನುತ್ತೇವೆ. ಆದರೆ ಶರಣರ ನಾಲಗೆಯಲ್ಲಿ ನಲಿದ 'ಉಘೇ' ಎಂಬ ನುಡಿ ನಮ್ಮ ಮಲೆನಾಡಿನ ಮನೆಗಳಲ್ಲಿ ಅಪರೂಪವಾಗಿದೆ.

ಈ ಮೂರನ್ನೂ ಒಂದೇ ಅರ್ಥದವೆಂದು ತಿಳಿಯುವುದು ವಾಡಿಕೆ. ಜಯವೆಂದರೆ ಗೆಲುವು; ಗೆದ್ದವನೆದುರು ಸೋತವನೊಬ್ಬ ಇರಲೇಬೇಕು. ಪರಾಕು ಇನ್ನೂ ಸ್ವಾರಸ್ಯದ ಪದ. ಸಂಸ್ಕೃತದ 'ಪರಾಕ್' ಎಂಬುದಕ್ಕೆ ಅತ್ತ ತಿರುಗಿದ, ವಿಮುಖವಾದ ಎಂದು ಅರ್ಥ. ಕನ್ನಡದಲ್ಲಿ ಅದಕ್ಕೆ ಮೈಮರೆವು ಎಂಬ ಅರ್ಥವೂ ಉಂಟು, ಆಸ್ಥಾನದ ವಂದಿಮಾಗಧರು ಕೂಗುವ 'ಎಚ್ಚರಿಕೆ' ಎಂಬ ಅರ್ಥವೂ ಉಂಟು. ಮರೆವಿಗೂ ಎಚ್ಚರಕ್ಕೂ ಒಂದೇ ಪದ! ದೊರೆಯನ್ನು ಹೊಗಳುತ್ತಲೇ ಮೈಮರೆಯದಿರೆಂದು ನೆನಪಿಸುವ ಕೂಗು ಅದೆಂದು ನಾವು ಭಾವಿಸುತ್ತೇವೆ.

ಉಘೇ ವ್ಯಾಕರಣದಲ್ಲಿ ಅವ್ಯಯ. ಲಿಂಗ, ವಚನ, ವಿಭಕ್ತಿಗಳ ಹಂಗು ಅದಕ್ಕಿಲ್ಲ. 'ಆಹಾ' ಎಂಬಂತೆ ಹರ್ಷ ಉಕ್ಕಿದಾಗ ತಾನಾಗಿ ಹೊಮ್ಮುವ ಉದ್ಗಾರ. ನಮ್ಮ ಜಿಲ್ಲೆಯ ವೀರಗಾಸೆಯವರು ಒಡಪಿನ ನಡುವೆ 'ಆಹಾ ರುದ್ರಾ, ಆಹಾ ದೇವಾ' ಎಂದು ಗರ್ಜಿಸುವುದೂ ಇದೇ ಬಗೆಯದು. ಶಿವಶರಣ ಸಾಹಿತ್ಯದಲ್ಲಿ 'ಉಘೇ ಚಾಂಗು ಭಲಾ' ಎಂದು ಮೂರೂ ಕೂಡಿ ಬರುವುದುಂಟು. ಚಾಂಗು ಎಂಬುದು ಒಳ್ಳೆಯದು ಎಂಬರ್ಥದ ಮರಾಠಿಯ 'ಚಾಂಗಲೆ'ಯ ನಂಟು. ಕೊಲ್ಹಾಪುರದ ಬಳಿಯ ಜ್ಯೋತಿಬಾ ಬೆಟ್ಟದಲ್ಲಿ ಭಕ್ತರು ಇಂದಿಗೂ 'ಚಾಂಗಭಲ' ಎಂದೇ ಕೂಗುತ್ತಾರೆ. ಉಘೇ ಮಾತ್ರ ನಾಡಿನ ದಕ್ಷಿಣದಲ್ಲಿ ಜೀವಂತವಾಗಿದೆ. ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟವನ್ನೇರುವವರ ಬಾಯಲ್ಲಿ, ಕಂಸಾಳೆಯ ತಾಳದೊಡನೆ, 'ಉಘೇ ಮಾದಪ್ಪ' ಎಂಬುದೇ ನಾಮಸ್ಮರಣೆ. ಅಲ್ಲಿ ಘಕಾರವು ಗಕಾರವಾಗಿ ಕೇಳಿಸುವುದೂ ಉಂಟು. ಪಂಡಿತರು ಮೂಗು ಮುರಿಯಬೇಕಾಗಿಲ್ಲ.

ಇಷ್ಟೆಲ್ಲ ಹೇಳಲು ಕಾರಣವಿದೆ. 12ನೆಯ ಶತಮಾನದಲ್ಲಿಯೇ ಬಸವಣ್ಣನವರು ಹೊಗಳಿಕೆಯನ್ನು ಹೊನ್ನಶೂಲವೆಂದು ಕಂಡರು. ಹಾಗಿದ್ದ ಮೇಲೆ ಇಷ್ಟೊಂದು ಘೋಷವೇತಕ್ಕೆ ಎಂದು ಮನೆಯ ಕಿರಿಯರು ಕೇಳಿದರೆ ಹಿರಿಯರು ತಡವರಿಸುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಕೇಳುವವನ ಕಿವಿಗೆ ಹಿತವಾಗಲೆಂದು ಆಡಿದ ಹೊಗಳಿಕೆ ಶೂಲವಾಗುತ್ತದೆ. ಉಘೇ ಎಂಬಲ್ಲಿ ಕೂಗುವವನ ಆನಂದವಷ್ಟೇ ಇದೆ. ಕೇಳುವವನು ಉಬ್ಬಲು ಅದರಲ್ಲಿ ಒಂದು ಗುಣವಾಚಕವೂ ಇಲ್ಲ, ಒಂದು ಬಿರುದೂ ಇಲ್ಲ. ಆದುದರಿಂದ ವೇದಿಕೆಯ ಮೇಲಿನ ಗಣ್ಯರಿಗೆ ಈ ನುಡಿಯನ್ನು ಬಳಸುವುದು ನಮಗೆ ಒಪ್ಪಿಗೆಯಾಗದು. ಅವರಿಗೆ ಬೇಕಿದ್ದರೆ ಪರಾಕು ಹೇಳಲಿ, ಎಚ್ಚರಿಕೆಯಾದರೂ ಆದೀತು.

ಮನೆಯಲ್ಲಿ ಪೂಜೆ ಮುಗಿದು ಮಂಗಳಾರತಿ ಎತ್ತುವಾಗ ಗಂಟೆ ಬಾರಿಸುವ ಕೆಲಸಕ್ಕೆ ಮಕ್ಕಳು ಮುಂದಾಗುತ್ತಾರಲ್ಲವೆ? ಆಗ ಈ ನುಡಿಯನ್ನು ಅವರಿಗೆ ಕಲಿಸಿರಿ. ಮಹಾಪ್ರಾಣ ಸರಿಯಾಗಿ ಬಾರದಿದ್ದರೆ ತಿದ್ದುವ ಆತುರ ಬೇಡ.